ಗಾಡಿಗಳ ಉಸಿರು ಬಿಡಿಸುವ ಓರೊಜಾಲಿ

“ಕಣ್ಣು ಮುಚ್ಚು.”

“ಮುಚ್ಚಿದೀನಿ.”

“ಯಾವ ಬೆರಳು, ಹೇಳು?”

“ನಡುಬೆರಳು.”

“ಸುಳ್ಳ! ಇನ್ನೂ ಚುಚ್ಚೇ ಇಲ್ಲ.”

ಹೊತ್ತು ಇನ್ನೂ ಮೂಡಿಲ್ಲ. ಓಯ್-ಬುಲಾಕ್ ಊರಿನ ಕೊನೆಯ ಮನೆಯಲ್ಲಿ ಒಲೆಯೊಳಗೆ ಬೆರಣಿ ಕೆಂಪಗೆ ಉರಿಯುತ್ತಿದೆ. ಜೂರಾಕಾನ್ ಗಂಡನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಉಣ್ಣೆಹಾಸು ಹೊಲಿಯುವ ದಪ್ಪ ಸೂಜಿಯಿಂದ ಒಂದೊಂದೇ ಬೆರಳ ತುದಿಯನ್ನು ಚುಚ್ಚಿ ನೋಡುತ್ತಿದ್ದಾರೆ. ಗಂಡ ಓರೊಜಾಲಿ ಕಣ್ಣು ಮುಚ್ಚಿದ ಹಾಗೆ ಮಾಡಿ ರೆಪ್ಪೆಯ ಸಂದಿಯಿಂದ ಇಣುಕುತ್ತಾರೆ. ಅವರ ಬೆರಳುಗಳು ಮೇಣದ ಹಾಗೆ ಬಿಳಿಚಿವೆ. ಬಿಸಿ ಚಹಾದ ಬಟ್ಟಲನ್ನು ಅಂಗೈಗಳ ನಡುವೆ ಹಿಡಿದು ಕೂತ ಮೇಲೆ ಸ್ವಲ್ಪ ಬಣ್ಣ ಬರುತ್ತದೆ. ಹೆಬ್ಬೆರಳು, ತೋರುಬೆರಳು ಸೂಜಿಯನ್ನು ಗುರುತಿಸಿದರೆ ಆ ದಿನ ಕೆಲಸ ಉಂಟು. ಗುರುತಿಸದಿದ್ದರೆ ಲೋಹ ಕೊರೆಯುವ ಗ್ರೈಂಡರ್ ಮುಟ್ಟುವ ಹಾಗಿಲ್ಲ. ಈ ಮನೆಯ ಕಾನೂನು ಅದು, ಮಾಡಿದವರು ಹೆಂಡತಿ.

“ಗಡಿಯ ಚೆಕ್‌ಪೋಸ್ಟಿನಲ್ಲೂ ಇಷ್ಟು ತಪಾಸಣೆ ಇರಲ್ಲ,” ಎಂದು ಗೊಣಗುತ್ತಾ ಓರೊಜಾಲಿ ಟೋಪಿ ಏರಿಸುತ್ತಾರೆ. ಇವತ್ತು ಎರಡೂ ಬೆರಳು ಪಾಸಾಗಿವೆ.

ಅವರು ಮಾಡುವ ಕೆಲಸಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. ಎಂಜಿನ್ನಿನ ಮೇಲೆ ಕೂರುವ ಅಲ್ಯೂಮಿನಿಯಂ ಗಟ್ಟಿಗೆ ಸಿಲಿಂಡರ್ ಹೆಡ್ ಅನ್ನುತ್ತಾರೆ. ಪೆಟ್ರೋಲು ಬೆರೆತ ಗಾಳಿ ಒಳಗೆ ಹೋಗುವುದೂ ಸುಟ್ಟ ಹೊಗೆ ಹೊರಗೆ ಬರುವುದೂ ಅದರೊಳಗಿನ ಬಾಗಿದ ದಾರಿಗಳಲ್ಲಿ. ಎರಕ ಹೊಯ್ದಾಗ ಆ ದಾರಿಗಳಲ್ಲಿ ಗಂಟು, ಏಣು ಎಲ್ಲ ಉಳಿದುಬಿಡುತ್ತವೆ. ಓರೊಜಾಲಿ ಅವನ್ನು ಕೊರೆದು, ಉಜ್ಜಿ, ಬಾಗು ತಿದ್ದುತ್ತಾರೆ. ಮೂಗು ಕಟ್ಟಿದ ಎಂಜಿನ್ ಆಮೇಲೆ ನಿರಾಳವಾಗಿ ಉಸಿರಾಡುತ್ತದೆ. ಪಟ್ಟಣಗಳಲ್ಲಿ ಇದನ್ನು ಶೋಕಿಗೆ ಮಾಡಿಸುತ್ತಾರೆ, ರಸ್ತೆಯ ಮೇಲೆ ಮೆರೆಯುವುದಕ್ಕೆ. ನಮ್ಮ ಬೆಟ್ಟದಲ್ಲಿ ಯಾರಿಗೂ ಆ ಶೋಕಿ ಇಲ್ಲ. ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ಮನುಷ್ಯರೇ ಏದುಸಿರು ಬಿಡುವ ಕಡೆ ಹಳೆಯ ಎಂಜಿನ್ ಏನು ಮಾಡಬೇಕು?

ಕ್ಯುಮುಶ್-ಬೆಲ್ ಘಾಟಿಯ ತುದಿಯಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ರಸ್ತೆಗೆ ರಿಬ್ಬನ್ ಕತ್ತರಿಸಿದವರ ಹೆಸರುಗಳೆಲ್ಲ ಅದರ ಮೇಲಿವೆ. ಅವರಲ್ಲಿ ಒಬ್ಬರೂ ಹಿಮದಲ್ಲಿ ಇಳಿದು ಗಾಡಿ ತಳ್ಳಿದವರಲ್ಲ. ಆ ಘಾಟಿಯನ್ನು ಚಳಿಗಾಲದಲ್ಲೂ ಹತ್ತುವ ಗಾಡಿಗಳ ಹೆಡ್ಡುಗಳು ಓರೊಜಾಲಿಯ ಕೈಯಲ್ಲಿ ತಯಾರಾದವು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇರಬೇಕಾಗಿತ್ತು ಎಂದು ನಾನು ಜೋರಾಗಿಯೇ ಹೇಳುತ್ತೇನೆ.

ಕೊಟ್ಟಿಗೆಯ ಅರ್ಧ ಭಾಗ ಕುರಿಗಳದ್ದು, ಅರ್ಧ ಅವರದ್ದು. ಮೇಜಿನ ಮೇಲೆ ಈಗ ಇರುವ ಹೆಡ್ಡು ಮೆಲಿಸ್ ಎಂಬ ಡ್ರೈವರನದು. ಘಾಟಿಯ ಆಚೆ ಕಾರಾ-ಸಾಯ್ ಎಂಬ ಹಳ್ಳಿಯಿದೆ. ಅಲ್ಲಿಯ ಜನರಿಗೆ ಚಳಿಗಾಲದಲ್ಲಿ ಈಚೆಯ ಆಸ್ಪತ್ರೆಗೆ ಬಂದು ಹೋಗಲು ಇರುವುದು ಮೆಲಿಸನ ಒಂದೇ ವ್ಯಾನು. ಸೋವಿಯತ್ ಕಾಲದ್ದು, ಆಕಾರ ನೋಡಿ ಎಲ್ಲರೂ ‘ಬ್ರೆಡ್ಡು’ ಅನ್ನುತ್ತಾರೆ. ಹೋದ ಚಳಿಗಾಲ ಅದು ಊರಿಗೆ ಮರಳುವಾಗ, ಘಾಟಿಯ ಕಡಿದಾದ ಒಂಟೆ ತಿರುವಿನಲ್ಲಿ ಪ್ರತಿ ಸಲವೂ ಸೋತು ನಿಂತಿದೆ. ರೋಗಿಯೊಬ್ಬರನ್ನು ಬಿಟ್ಟು ಉಳಿದವರು ಇಳಿದು ತಳ್ಳಬೇಕು. ಒಮ್ಮೆ ರೋಗಿಯೂ ಇಳಿದು ತಳ್ಳಿದ್ದುಂಟು.

“ಬಾಯ್ಕೆ, ಒಳಗೆಲ್ಲ ಸಮೋವಾರ್ ತರ ಫಳಫಳ ಹೊಳೀಬೇಕು,” ಎಂದು ಮೆಲಿಸ್ ಹೇಳುತ್ತಾನೆ. ಹಿರಿಯ ಗಂಡಸರನ್ನು ನಮ್ಮಲ್ಲಿ ಬಾಯ್ಕೆ ಎಂದೇ ಕರೆಯುವುದು.

“ಹೊಳೆದ್ರೆ ನೀನು ಅದರಲ್ಲಿ ಮುಖ ನೋಡ್ಕೊಂಡು ಮೀಸೆ ತಿರುವ್ತೀಯಾ? ಚಳೀಲಿ ನುಣ್ಣನೆ ಗೋಡೆ ಮೇಲೆ ಪೆಟ್ರೋಲು ಹನಿಗಟ್ಟುತ್ತಪ್ಪ. ಗಾಳಿ ಒಳಗೆ ಹೋಗೋ ದಾರಿ ಕುರಿ ನಾಲಿಗೆ ಹಾಗಿರಬೇಕು. ಸ್ವಲ್ಪ ತರಿ. ಆಗ ಪೆಟ್ರೋಲು ಗಾಳಿ ಜೊತೆಗೇ ಓಡುತ್ತೆ.”

“ಹೊಗೆ ಹೋಗೋ ದಾರಿ?”

“ಅದನ್ನ ಬೇಕಾದ್ರೆ ಹೊಳೆಸ್ತೀನಿ. ಆದ್ರೆ ನೀನು ಅಲ್ಲಿ ಮೂತಿ ಇಡಬೇಡ.”

ಗ್ರೈಂಡರಿನ ಉದ್ದನೆಯ ಕಡ್ಡಿಯ ತುದಿಯಲ್ಲಿ ತಿರುಗುವ ಉಕ್ಕಿನ ಹಲ್ಲುಗಳಿಗೆ ಅಲ್ಯೂಮಿನಿಯಂ ಬೇಗ ಮೆತ್ತಿಕೊಳ್ಳುತ್ತದೆ. ಅದಕ್ಕೆ ಓರೊಜಾಲಿ ಕುರಿಯ ಬಾಲದ ಕೊಬ್ಬು ಹಚ್ಚುತ್ತಾರೆ. ಕೊರೆಯಲು ಶುರುವಾದರೆ ಕೊಟ್ಟಿಗೆ ತುಂಬ ಹುರಿದ ಮಾಂಸದ ವಾಸನೆ. ನಾಯಿ ಬಂದು ಬಾಗಿಲಲ್ಲಿ ಕೂರುತ್ತದೆ, ಪ್ರತಿ ದಿನವೂ ಮೋಸಹೋಗುತ್ತದೆ. “ನಮ್ಮನೆ ಕುರೀಲಿ ಒಳ್ಳೇ ತುಂಡು ಯಾವತ್ತೂ ಎಂಜಿನ್ನಿಗೇ,” ಎನ್ನುತ್ತಾರೆ ಜೂರಾಕಾನ್.

ಈ ವಿದ್ಯೆಯನ್ನು ಓರೊಜಾಲಿಗೆ ಕಲಿಸಿದವರು ಗೆನ್ರಿಖ್ ಎಂಬ ಜರ್ಮನ್ ಮುದುಕರು. ಯುದ್ಧಕಾಲದಲ್ಲಿ ಸೋವಿಯತ್ ಸರ್ಕಾರ ಊರು ಬಿಡಿಸಿ ಇಲ್ಲಿಗೆ ತಂದು ಹಾಕಿದ ಕುಟುಂಬ ಅವರದು. ಸಾಮೂಹಿಕ ಕೃಷಿಯ ಗ್ಯಾರೇಜಿನಲ್ಲಿ ಅವರ ಪಕ್ಕ ನಿಂತು ಓರೊಜಾಲಿ ಕಲಿತರು. ಅಂದಿನಿಂದ ಹಿಡಿದ ಗ್ರೈಂಡರ್ ಅವರಿಂದ ಎರಡನ್ನು ಕಿತ್ತುಕೊಂಡಿದೆ. ಒಂದು, ಕಿವಿ. ಎದುರಿಗೆ ನಿಂತು ಮಾತಾಡಿದರೆ ಕೇಳುತ್ತದೆ, ದೂರದ ಸದ್ದು ಕೇಳುವುದಿಲ್ಲ. ಎರಡು, ಬೆರಳ ತುದಿಯ ಸ್ಪರ್ಶ. ವರ್ಷಗಟ್ಟಲೆ ಅದುರಿ ಅದುರಿ ನರಗಳು ಮುಕ್ಕಾಲು ಸತ್ತಿವೆ ಎಂದು ಡಾಕ್ಟರು ಹೇಳಿದ್ದಾರೆ. ಕಣ್ಣಿಗೆ ಕಾಣದ ಬಾಗಿನಲ್ಲಿ ಬೆರಳಿಂದಲೇ ನೋಡಬೇಕಾದ ಕೆಲಸಗಾರನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಯಾವುದಿದೆ?

ಎರಡು ಚಳಿಗಾಲದ ಹಿಂದೆ ಒಬ್ಬ ಕುರುಬನ ಗಾಡಿಯ ಹೆಡ್ಡು ಕೊರೆಯುವಾಗ ಅನಾಹುತ ಆಯಿತು. ಗಾಳಿಯ ದಾರಿಯ ಗೋಡೆಯ ಆಚೆಗೇ ಎಂಜಿನ್ ತಣಿಸುವ ನೀರು ಹರಿಯುತ್ತದೆ. ಗೋಡೆ ಎಷ್ಟು ತೆಳುವಾಗಿದೆ ಎಂದು ಅವರ ಬೆರಳಿಗೆ ತಿಳಿಯಲಿಲ್ಲ, ತೂತು ಬಿದ್ದಿತು. ಹೆಡ್ಡು ಗುಜರಿಗೆ ಹೋಯಿತು. ಓರೊಜಾಲಿ ಅದೇ ಮಾದರಿಯ ತಮ್ಮ ಸ್ವಂತ ಕಾರಿನ ಹೆಡ್ಡು ಬಿಚ್ಚಿ ಕುರುಬನಿಗೆ ಕೊಟ್ಟರು. ಆ ಕಾರು ಇವತ್ತಿಗೂ ಅಂಗಳದಲ್ಲೇ ಇದೆ, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತವೆ. ಅವರು ಕೊಟ್ಟಿಗೆಯ ತಮ್ಮ ಭಾಗಕ್ಕೆ ಬೀಗ ಹಾಕಿ ಒಲೆಯ ಮುಂದೆ ಕೂತುಬಿಟ್ಟರು.

“ಮಾತೇ ಆಡ್ತಿರಲಿಲ್ಲ,” ಎಂದು ಜೂರಾಕಾನ್ ನೆನೆಯುತ್ತಾರೆ. “ಬೈದ್ರೂ ತಿರುಗಿ ಬೈತಿರಲಿಲ್ಲ. ನಂಗೆ ಭಯ ಆಯ್ತು.”

ಮೆಲಿಸ್ ಈ ಶರತ್ಕಾಲದಲ್ಲಿ ಹೆಡ್ಡು ತಂದು ಬಾಗಿಲಲ್ಲಿಟ್ಟು, ನೀವು ಮಾಡದಿದ್ದರೆ ಬೇರೆ ಯಾರೂ ಇಲ್ಲ ಎಂದು ಕೂತ. ಓರೊಜಾಲಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ಜೂರಾಕಾನ್ ಅಡ್ಡ ಬಂದ ಹೆಡ್ಡನ್ನು ಬೈಯುತ್ತಾ ಸರಿಸಲು ಹೋದಾಗ ಅವರ ಬೆರಳು ದಾರಿಯೊಳಗೆ ಜಾರಿತು. “ಇದೇನಿದು, ಒಳಗೆ ಗಂಟು?” ಎಂದರು. ಓರೊಜಾಲಿ ಎದ್ದು ಬಂದು ಟಾರ್ಚು ಬಿಟ್ಟು ನೋಡಿದರು. ಗಂಟು ಇತ್ತು.

ಜೂರಾಕಾನ್ ಹುಡುಗಿಯಾಗಿದ್ದಾಗಿನಿಂದ ಉಣ್ಣೆ ಒತ್ತಿ ಶಿರ್ದಾಕ್ ಹಾಸು ಮಾಡುವವರು. ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿದರೆ ಹಾಸು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅವರಿಗೆ ಗೊತ್ತಾಗುತ್ತದೆ. ಈಗ ಹೆಬ್ಬೆರಳನ್ನು ಗಾಳಿಯ ದಾರಿಯಲ್ಲೂ ತೋರುಬೆರಳನ್ನು ನೀರಿನ ರಂಧ್ರದಲ್ಲೂ ತೂರಿಸಿ, ನಡುವಿನ ಗೋಡೆಯನ್ನು ಹಾಗೆಯೇ ಹಿಚುಕಿ ನೋಡುತ್ತಾರೆ. ಅಳತೆಯ ಕೈವಾರ ಆ ಬಾಗಿನವರೆಗೆ ಹೋಗುವುದಿಲ್ಲ. ಹೀಗೆ ಗಂಡ ಕೊರೆಯುವುದು, ಹೆಂಡತಿ ಮುಟ್ಟಿ ಹೇಳುವುದು ಶುರುವಾಯಿತು. ಒಂದು ಷರತ್ತನ್ನು ಓರೊಜಾಲಿ ಮೊದಲೇ ಹೇಳಿಬಿಟ್ಟಿದ್ದಾರೆ: “ಇದೂ ತೂತಾದ್ರೆ ಗ್ರೈಂಡರ್ ಮಾರಿಬಿಡ್ತೀನಿ. ಆಮೇಲೆ ನನ್ನನ್ನ ಯಾರೂ ಕೇಳಬಾರದು.”

ಇವತ್ತು ಮಧ್ಯಾಹ್ನ ದಾರಿ ಪರೀಕ್ಷಿಸಲು ಹೊಗೆ ಹಾಕುತ್ತಾರೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ವಾಲ್ವಿನ ಕಡೆ ಸಿಕ್ಕಿಸಿ ಗಾಳಿ ಎಳೆಸಿ, ದಾರಿಯ ಬಾಯಿಗೆ ಉರಿಯುವ ಆರ್ಚಾ ಕಡ್ಡಿ ಹಿಡಿಯುತ್ತಾರೆ. ದೃಷ್ಟಿ ತೆಗೆಯಲು ಮನೆಮನೆಯಲ್ಲಿ ಸುಡುವ ಅದೇ ಬೆಟ್ಟದ ಗಿಡ. ಹೊಗೆ ನೇರ ಹೋದರೆ ದಾರಿ ಸರಿ, ಸುತ್ತಿಕೊಂಡರೆ ಅಲ್ಲಿ ಇನ್ನೂ ಏಣು ಇದೆ ಎಂದರ್ಥ. ಕಡ್ಡಿ ಹಿಡಿದಾಗ ಜೂರಾಕಾನ್ ಅಭ್ಯಾಸಬಲದಿಂದ “ಅಲಾಸ್, ಅಲಾಸ್” ಎಂದು ಕೆಡುಕು ಕಳೆಯುವ ಮಾತನ್ನೂ ಹೇಳಿಬಿಡುತ್ತಾರೆ.

ಮೂರನೆಯ ದಾರಿಯಲ್ಲಿ ಹೊಗೆ ಸುತ್ತಿಕೊಳ್ಳುತ್ತದೆ.

“ಕೆಳಗಿನ ಬಾಗು. ಇನ್ನೊಂದು ಸಲ ಸವರಿದ್ರೆ ಮುಗೀತು,” ಎಂದು ಓರೊಜಾಲಿ ಗ್ರೈಂಡರ್ ಎತ್ತುತ್ತಾರೆ.

ಜೂರಾಕಾನ್ ಎರಡೂ ಬೆರಳು ತೂರಿಸಿ ನೋಡುತ್ತಾರೆ. “ಬೇಡ. ಇಲ್ಲಿ ಸವೆದುಹೋಗಿದೆ.”

“ಹೊಗೆ ಸುಳ್ಳು ಹೇಳುತ್ತಾ?”

“ಹೊಗೆ ಸುಳ್ಳು ಹೇಳಲ್ಲ, ನಾನೂ ಹೇಳಲ್ಲ. ಹಳೇ ಹಾಸು ಮೊಣಕಾಲೂರೋ ಕಡೆ ಸವೆದಿರುತ್ತಲ್ಲ, ಹಾಗಿದೆ. ಮುಟ್ಟಬೇಡ.”

“ಐವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಕಣೇ ಮುದುಕಿ!”

“ಮಾಡಿದೀಯ. ಬೆರಳು ಎಲ್ಲಿಟ್ಟು ಬಂದೆ?”

ಗ್ರೈಂಡರ್ ಖಾಲಿ ತಿರುಗುತ್ತದೆ. ನಾಯಿಯೂ ಎದ್ದು ನಿಂತಿದೆ. ಓರೊಜಾಲಿಯ ಮುಖ ಕೆಂಪಾಗಿದೆ. ಸ್ವಿಚ್ಚು ಆರಿಸಿ ಕೇಳುತ್ತಾರೆ: “ಮೇಲ್ಗಡೆ?”

ಹೆಂಡತಿ ಮುಟ್ಟಿ ನೋಡುತ್ತಾರೆ. “ಮೇಲ್ಗಡೆ ದಪ್ಪ ಇದೆ. ಹೊಸ ಹಾಸು.”

ಕೆಳಗಿನ ಬಾಗನ್ನು ಹಾಗೇ ಬಿಟ್ಟು ಓರೊಜಾಲಿ ಮೇಲಿನ ಗೋಡೆಯನ್ನು ಕೊರೆದು ಎತ್ತರಿಸುತ್ತಾರೆ. ಹೊಗೆ ಪೂರ್ತಿ ನೇರವಾಗುವುದಿಲ್ಲ, ಮೊದಲಿಗಿಂತ ವಾಸಿ. “ಸಾಕಾಗುತ್ತೋ ಇಲ್ವೋ ಒಂಟೆ ತಿರುವೇ ಹೇಳಬೇಕು,” ಎನ್ನುತ್ತಾರೆ. ಸಂಜೆ ನೀರಿನ ರಂಧ್ರಗಳಿಗೆಲ್ಲ ಬಿರಡೆ ಹಾಕಿ, ತೂತಿದ್ದರೆ ಗಾಳಿಯ ದಾರಿಗೆ ಸೋರಲಿ ಎಂದು ಒಳಗೆ ನೀರು ತುಂಬಿಸಿಡುತ್ತಾರೆ. ಬೆಳಗ್ಗೆ ಜೂರಾಕಾನ್ ತಲೆವಸ್ತ್ರದ ಅಂಚನ್ನು ನಾಲ್ಕೂ ದಾರಿಗಳೊಳಗೆ ಆಡಿಸಿ ಹೊರತೆಗೆದು, ಗಂಡನ ಕೆನ್ನೆಗೆ ಒತ್ತುತ್ತಾರೆ. ಬೆರಳಿಗೆ ತಿಳಿಯದ್ದು ಕೆನ್ನೆಗೆ ತಿಳಿಯುತ್ತದೆ. ವಸ್ತ್ರ ಒದ್ದೆಯಾಗಿಲ್ಲ.

ಮೆಲಿಸ್ ಹೆಡ್ಡು ಕೂರಿಸಿ ಹೊರಡುವ ದಿನ ಘಾಟಿಯ ಮೇಲೆ ಹೊಸ ಹಿಮ. ಬ್ರೆಡ್ಡಿನ ತುಂಬ ಹಿಟ್ಟಿನ ಮೂಟೆ, ಮೂಟೆಗಳ ಮೇಲೆ ಜನ. “ಏಜೆ, ಬೇಡ್ಕೊಳ್ಳಿ!” ಎಂದು ಮೆಲಿಸ್ ಕಿಟಕಿಯಿಂದ ಜೂರಾಕಾನರಿಗೆ ಕೂಗುತ್ತಾನೆ. ಏಜೆ ಅಂದರೆ ಅಕ್ಕ. “ಎರಡನೇ ಗೇರಲ್ಲೇ ಹತ್ತು, ಅಕ್ಕನ ಮರ್ಯಾದೆ ಉಳಿಸು!” ಎಂದು ಅವರು ತಿರುಗಿ ಕೂಗುತ್ತಾರೆ.

ಒಂಟೆ ತಿರುವು ಈ ಅಂಗಳದಿಂದ ಕಾಣುವುದಿಲ್ಲ, ಕೇಳುತ್ತದೆ. ಸೋಲುವ ಗಾಡಿ ಅಲ್ಲಿ ಮೊದಲನೇ ಗೇರಿಗೆ ಇಳಿದು ಕಿರುಚುತ್ತದೆ. ಓರೊಜಾಲಿಗೆ ಅಷ್ಟು ದೂರದ್ದು ಕೇಳುವುದಿಲ್ಲವಾದ್ದರಿಂದ ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಎಂಜಿನ್ನಿನ ಸದ್ದು ಒಂದೇ ಸಮ ಇರುವಷ್ಟು ಹೊತ್ತು ಜೂರಾಕಾನ್ ಕೈ ಎತ್ತಿ ಹಿಡಿದಿರಬೇಕು. ಗೇರು ಇಳಿದರೆ ಕೈಯೂ ಇಳಿಯಬೇಕು.

ಜೂರಾಕಾನ್ ಬೇಲಿಯ ಹತ್ತಿರ ನಿಂತು ಕೈ ಎತ್ತಿದ್ದಾರೆ. ಓರೊಜಾಲಿ ಘಾಟಿಯ ಕಡೆ ನೋಡುತ್ತಲೇ ಇಲ್ಲ, ಆ ಕೈಯನ್ನೇ ನೋಡುತ್ತಿದ್ದಾರೆ. ಮುಂದೆ ಏನು ಮಾಡುತ್ತೀರಿ ಎಂದು ಪಕ್ಕದಲ್ಲಿ ನಿಂತು ನಾನು ಕೇಳಿದೆ. “ಇವಳ ಬೆರಳು ಬೆಚ್ಚಗಿರಬೇಕು, ಅಷ್ಟೇ,” ಎಂದರು. ಕಣ್ಣು ಕೀಳಲಿಲ್ಲ.

ಗಾಡಿ ತಿರುವಿಗೆ ಬಂದಿರಬೇಕು. ಜೂರಾಕಾನ್ ಕತ್ತು ವಾಲಿಸಿ ಕೇಳುತ್ತಾರೆ. ಕೈ ಅಲ್ಲಾಡುವುದಿಲ್ಲ. ತಿರುವು ದಾಟುವಷ್ಟು ಹೊತ್ತಾಯಿತು, ಆಮೇಲೆ ಇನ್ನೂ ಅಷ್ಟು ಹೊತ್ತಾಯಿತು.

“ಸಾಕು ಮುದುಕಿ, ಇಳಿಸು. ತೋಳು ನೋಯುತ್ತೆ.”

“ತಡಿಯೋ,” ಎನ್ನುತ್ತಾರೆ ಜೂರಾಕಾನ್, ಕೈ ಎತ್ತಿಕೊಂಡೇ. “ಇನ್ನೂ ಹತ್ತುತಾ ಇದೆ.”