ಒಳಗೇನೂ ಇಲ್ಲ, ಸ್ವಾಮಿ

ಸರ್ಕಾರದ ನೋಟೀಸು ಓದಿ ಅರ್ಥ ಹೇಳುವವಳು ಎಂದು ನಮ್ಮ ಕಡೆ ನನಗೊಂದು ಹೆಸರಿದೆ. ಆ ಹೆಸರು ಪೂರ್ತಿ ಸುಳ್ಳು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನ ಅಂಚೆ ಕಚೇರಿಗಳಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತಳಾದವಳು ನಾನು. ಊರಿನವರಿಗೆ ಈಗಲೂ ‘ಪೋಸ್ಟಮ್ಮ’. ಅಂಚೆ ಎಂದರೆ ಕೇಂದ್ರ ಸರ್ಕಾರ, ನಾನು ಆ ಸರ್ಕಾರದ ಅನ್ನ ತಿಂದವಳು, ಆದ್ದರಿಂದ ಡೆಲ್ಲಿಯವರ ಭಾಷೆ ನನಗೆ ಬರಲೇಬೇಕು. ಇದು ಜಂಗಮಕೋಟೆಯ ಸುತ್ತಮುತ್ತಲಿನವರ ತರ್ಕ. ಅಡುಗೆ ಮಾಡುವವನ ಹೆಂಡತಿಗೆ ಅಡುಗೆ ಬರಲೇಬೇಕು ಎಂದ ಹಾಗೆ.

ಗ್ಯಾಸಿನ ಕಾಗದ, ಪಿಂಚಣಿಯ ಕಾಗದ, ರೈಲ್ವೆಯವರ ಪ್ರಕಟಣೆ, ಎಲ್ಲ ನನ್ನ ಜಗಲಿಗೇ ಬರುತ್ತವೆ. ನಾನು ಕನ್ನಡಕ ಏರಿಸಿ ಮೊದಲು ಗಂಟಲು ಸರಿಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಮುಕ್ಕಾಲು ಗೌರವ ಸಂಪಾದನೆಯಾಗಿರುತ್ತದೆ. ಆಮೇಲೆ ಓದಲು ಶುರುಮಾಡಿದರೆ, ಅಯ್ಯೋ ನನ್ನ ಕರ್ಮವೇ! ‘ಸದರಿ ಅಧಿಸೂಚನೆಯನ್ವಯ ಬಾಧಿತರಾಗತಕ್ಕ ಹಿತಾಸಕ್ತರು ನಿಗದಿತ ಅವಧಿಯೊಳಗಾಗಿ...’ ಎಂದು ಹೊರಟ ವಾಕ್ಯ ಮುಂದಿನ ಪುಟಕ್ಕೆ ದಾಟಿದರೂ ಕ್ರಿಯಾಪದದ ಸುಳಿವೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಅರ್ಥವಾಗದಿದ್ದರೆ ನನಗೆ ಇಂಗ್ಲಿಷು ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕನ್ನಡದಲ್ಲೂ ಅರ್ಥವಾಗದಿದ್ದರೆ ಯಾರ ಮುಂದೆ ಹೋಗಿ ಅಳುವುದು?

ಈಚೆಗಂತೂ ಇನ್ನೊಂದು ಕಾಟ ಶುರುವಾಗಿದೆ. ನೋಟೀಸಿನ ಜೊತೆಗೆ ‘ಸಾರ್ವಜನಿಕರಿಗಾಗಿ ಸರಳ ವಿವರಣೆ’ ಎಂದು ಇನ್ನೊಂದು ಹಾಳೆಯನ್ನು ಪಿನ್ನು ಚುಚ್ಚಿ ಕಳಿಸುತ್ತಾರೆ. ನೋಟೀಸು ಎರಡು ಪುಟವಾದರೆ ಸರಳ ವಿವರಣೆ ಐದು ಪುಟ. ಅಂಥದ್ದೊಂದರ ಮೊದಲ ಸಾಲು ‘ಈ ವಿವರಣೆಯಲ್ಲಿ ವ್ಯಕ್ತಿ ಎಂದರೆ ಯಾವುದೇ ವ್ಯಕ್ತಿಯನ್ನು ಒಳಗೊಳ್ಳತಕ್ಕದ್ದು’ ಎಂದಿತ್ತು. ನಾನು ಎರಡು ಸಲ ಓದಿ ನಮ್ಮನೆಯವರಿಗೆ ತೋರಿಸಿದೆ. ಅವರು ಪೇಪರಿನಿಂದ ತಲೆಯನ್ನೇ ಎತ್ತದೆ, “ಪರವಾಗಿಲ್ವೆ, ನಾನೂ ಅದ್ರಲ್ಲಿ ಸೇರ್ತೀನಿ” ಎಂದರು. ಅವರಿಂದ ನನಗೆ ಸಿಗುವ ಸಹಾಯ ಇಷ್ಟೇ.

ಹೀಗಿರುವಾಗ ಒಂದು ದಿನ ನರಸಮ್ಮ ಬಂದಳು. ಪಕ್ಕದ ಹಳ್ಳಿಯವಳು, ರೇಷ್ಮೆಹುಳ ಸಾಕುವವಳು. ಅವಳ ಮನೆಗೆ ಅಂಟಿಕೊಂಡ ಹಾಗೆ ಕಿಟಕಿಗೆ ಬಲೆ ಹೊಡೆದ ಉದ್ದನೆಯ ಹುಳದ ಮನೆ ಇದೆ. ಗಂಡ ಹೋದಮೇಲೆ ಒಬ್ಬಳೇ ನಿಂತು, ಕಲ್ಲು ಹೊರಿಸಿ, ಮಂಗಳೂರು ಹೆಂಚು ಹೊದಿಸಿ ಕಟ್ಟಿಸಿದ್ದು. ಆ ಮನೆಯಿಂದಲೇ ಅವಳ ಸಂಸಾರ ನಡೆಯುವುದು. ಅವಳ ಕೈಯಲ್ಲಿದ್ದದ್ದು ರಸ್ತೆ ಅಗಲ ಮಾಡುವ ಕೇಂದ್ರದ ಇಲಾಖೆಯೊಂದರ ನೋಟೀಸು.

“ಏನಮ್ಮಾ ಇದು ಪೋಸ್ಟಮ್ಮಾ, ಒಂಚೂರು ನೋಡ್ರಿ. ಬೇಗ ಹೇಳ್ಬೇಕು, ಸೊಪ್ಪು ಹಾಕೋ ಹೊತ್ತಾಯ್ತು” ಎಂದಳು.

ಬೇಗ ಹೇಳುವುದು ನನ್ನ ಜಾಯಮಾನವಲ್ಲ. ಗಂಟಲು ಸರಿಮಾಡಿಕೊಂಡೆ. ಅಧಿಸೂಚನೆ ಎಂದರೇನು, ಸಾರ್ವಜನಿಕ ಸಭೆ ಎಂದರೇನು ಎಂದು ಹೇಳಿದೆ. ಹಾಗೇ ಶಾಸನಗಳಿಗೆ ಜಿಗಿದೆ. ಹಿಂದಿನ ರಾಜರು ಭೂಮಿ ಕೊಟ್ಟರೆ ಕಲ್ಲಿನಲ್ಲಿ ‘ಮೂಡಣಕ್ಕೆ ಹುಣಸೆಮರ, ಪಡುವಣಕ್ಕೆ ಕೆರೆಯ ಕೋಡಿ’ ಎಂದು ಕೆತ್ತಿಸುತ್ತಿದ್ದರು. ಓದು ಬಾರದವನೂ ಹೋಗಿ ಹುಣಸೆಮರ ಮುಟ್ಟಿ ಬರಬಹುದಿತ್ತು. ಅಳಿಸಿದವನಿಗೆ ಕೊನೆಯಲ್ಲೊಂದು ಶಾಪವನ್ನೂ ಹಾಕಿರುತ್ತಿದ್ದರು. ಅಲ್ಲಿಂದ ಟೆಲಿಗ್ರಾಮಿಗೆ ಬಂದೆ. ಒಂದೊಂದು ಪದಕ್ಕೂ ಕಾಸು ಕೀಳುತ್ತಿದ್ದ ಕಾಲದಲ್ಲಿ ಜನ ಹುಟ್ಟು, ಸಾವು, ಮದುವೆ ಎಲ್ಲವನ್ನೂ ನಾಲ್ಕೇ ಪದದಲ್ಲಿ ಮುಗಿಸುತ್ತಿದ್ದರು, ಸರ್ಕಾರಕ್ಕೂ ಪದದ ಲೆಕ್ಕದಲ್ಲಿ ದಂಡ ಹಾಕಬೇಕು ಎಂದೆ. ನರಸಮ್ಮ ತಲೆಯಾಡಿಸುತ್ತ ಬಿಸಿಲು ಎಷ್ಟು ಮೇಲೇರಿದೆ ಎಂದು ನೋಡುತ್ತಿದ್ದಳು. ಕೊನೆಗೆ, “ಚಿಕ್ಕಬಳ್ಳಾಪುರದಲ್ಲಿ ಮೀಟಿಂಗ್ ಇದೆ ಅಂತ ಹೇಳಿದ್ದಾರೆ, ಅಷ್ಟೇ. ಗಾಬರಿ ಬೇಡ” ಎಂದು ಮುಗಿಸಿದೆ.

“ಹಿಂದ್ಗಡೆ ಏನೋ ಸಣ್ಣಕ್ಷರ ಇದ್ಯಲ್ಲಾ?”

“ಅದು ಬರೀ ಪಟ್ಟಿ ಕಣಮ್ಮ.”

ಅವಳು ಹೋದಳು. ಅವಳು ತಂದಿದ್ದ ಎರಡು ಪ್ರತಿಗಳಲ್ಲಿ ಒಂದು ನನ್ನಲ್ಲೇ ಉಳಿದಿತ್ತು. ಸಂಜೆ ಕಡಲೆಕಾಯಿ ಸಿಪ್ಪೆ ಹಾಕಲು ಕಾಗದ ಹುಡುಕಿದ ನಮ್ಮನೆಯವರು ಅದನ್ನೇ ಎತ್ತಿಕೊಂಡರು. ಹಿಂಬದಿ ನೋಡಿ, “ಇಲ್ಲಿ ನರಸಮ್ಮನ ಹೆಸರಿದೆಯಲ್ಲೆ” ಎಂದರು. ಕಿತ್ತುಕೊಂಡು ಓದಿದೆ. ನರಸಮ್ಮ, ಸರ್ವೆ ನಂಬರು, ಮುಂದೆ ‘ಶೆಡ್ಡು, ಖಾಲಿ, ಬಳಕೆಯಲ್ಲಿಲ್ಲ’. ಖಾಲಿ ಕಟ್ಟಡಗಳನ್ನು ಹಾಗೇ ಕೆಡವಬಹುದು, ಬಳಕೆಯಲ್ಲಿ ಇರುವುದಾದರೆ ಅಂಥದ್ದೇ ಇನ್ನೊಂದು ಕಟ್ಟಿಕೊಟ್ಟ ಮೇಲೆಯೇ ಮುಟ್ಟಬೇಕು ಎಂದು ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿತ್ತು. ಅರ್ಥವಾಗುವ ಹಾಗಿದ್ದ ಒಂದೇ ಒಂದು ವಾಕ್ಯ ಅದು. ನಾನು ಓದದೇ ಬಿಟ್ಟಿದ್ದೂ ಅದೊಂದನ್ನೇ. ನನ್ನ ಶಾಸನಕ್ಕಿಷ್ಟು, ನನ್ನ ಟೆಲಿಗ್ರಾಮಿಗಿಷ್ಟು ಬೆಂಕಿ ಹಾಕ ಎಂದು ಶಪಿಸಿಕೊಂಡು ಬೆಳಿಗ್ಗೆ ಎದ್ದವಳೇ ಅವಳ ಹಳ್ಳಿಗೆ ಓಡಿದೆ.

“ನಿನ್ನ ಹುಳದ ಮನೆ ಖಾಲಿ ಅಂತ ಯಾರಮ್ಮ ಬರಕೊಂಡು ಹೋದ್ರು?”

ನರಸಮ್ಮ ಸೊಪ್ಪಿನ ಹೊರೆ ಕೆಳಗಿಟ್ಟಳು. ಮುಖ ಬಿಳಿಚಿಕೊಂಡಿತು. “ನಾನೇ ಹೇಳ್ದೆ ಪೋಸ್ಟಮ್ಮ.”

“ಏನಂತ?”

“ಹೋದ ಬೆಳೇಲಿ ಯಾರೋ ಅಳತೆಯೋನು ಬಂದಿದ್ದ. ಬೂಟು ಹಾಕ್ಕೊಂಡು ಬಾಗಿಲಿಗೇ ಬಂದ. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಒಳಗೇನೈತೆ ಅಂದ. ಒಳಗೇನೂ ಇಲ್ಲ ಸ್ವಾಮಿ ಅಂದ್ಬಿಟ್ಟೆ.”

ರೇಷ್ಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹುಳ ಕೋಶ ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ಅಲುಗುವುದಿಲ್ಲ. ಹೊರಗಿನವರ ಕಾಲಿನಿಂದ ರೋಗ ಬರುತ್ತದೆ, ಕಣ್ಣಿನಿಂದ ದೃಷ್ಟಿ ತಾಗುತ್ತದೆ. ಮೊದಲನೆಯದನ್ನು ರೇಷ್ಮೆ ಇಲಾಖೆಯವರೂ ಒಪ್ಪುತ್ತಾರೆ, ಎರಡನೆಯದನ್ನು ಅವರ ಮನೆಯ ಹೆಂಗಸರು ಒಪ್ಪುತ್ತಾರೆ. ಆದ್ದರಿಂದ ಹೊಸಬರು ಕೇಳಿದರೆ ಹುಳ ಇದೆ ಎನ್ನುವ ಹಾಗಿಲ್ಲ. ಚೆನ್ನಾಗಿದೆ ಎನ್ನುವುದಂತೂ ಇಲ್ಲವೇ ಇಲ್ಲ. ತಲೆತಲಾಂತರದಿಂದ ನಮ್ಮ ಹೆಂಗಸರು ಬಾಗಿಲಲ್ಲಿ ನಿಂತು ಹೇಳಿಕೊಂಡು ಬಂದ ಸುಳ್ಳು ಅದು, ಯಾವ ನೆಂಟರೂ ನಂಬುವುದಿಲ್ಲ. ಜನರ ಮಾತನ್ನು ಸರ್ಕಾರ ಮರುಪ್ರಶ್ನೆಯಿಲ್ಲದೆ ನಂಬಿ ಬರೆದುಕೊಂಡದ್ದು ನನಗೆ ತಿಳಿದಂತೆ ಇದೊಂದೇ ಸಲ.

“ಮೀಟಿಂಗಿಗೆ ನೀನೇ ಬಂದು ಹೇಳು” ಎಂದರೆ ನರಸಮ್ಮ ತಲೆ ಮೇಲೆ ಕೈ ಹೊತ್ತಳು. ಸಭೆಯ ದಿನಕ್ಕೇ ಹುಳ ಹಣ್ಣಾಗುತ್ತಿತ್ತು. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಕೋಶ ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅವತ್ತು ತಡಮಾಡಿದರೆ ಬೆಳೆ ಮಣ್ಣುಪಾಲು. “ನನ್ನ ಬಾಯಿಂದ ಹಾಳಾಗಿದ್ದು, ನಿಮ್ಮ ಬಾಯಿಂದ ಸರಿಯಾಗ್ಲಿ” ಎಂದಳು. ಪಟ್ಟಿ ಓದದೆ ಅವಳನ್ನು ಕಳಿಸಿದ್ದ ನಾನು ಇಲ್ಲ ಎನ್ನುವುದು ಹೇಗೆ?

ಮೂರು ದಿನ ಕೂತು ಅವಳ ಪರವಾಗಿ ಆಕ್ಷೇಪಣೆ ಬರೆದೆ. ನಾಲ್ಕು ಪುಟ! ಬರೆದಿದ್ದನ್ನು ನಮ್ಮನೆಯವರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮೆಚ್ಚಿ ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ.

ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಗೌರಿಬಿದನೂರು, ಚಿಂತಾಮಣಿ ಕಡೆಯವರೆಲ್ಲ ಸೇರಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು. ಕೀರಲು ಮೈಕಿನಲ್ಲಿ ಮುಕ್ಕಾಲು ಗಂಟೆ ಯಾರೋ ಏನನ್ನೋ ಓದಿದರು. ಪೆರೇಸಂದ್ರದ ಹಿರಿಯರೊಬ್ಬರು ಎದ್ದು, “ನಮ್ಮ ದನ ರಸ್ತೆ ಎಲ್ಲಿ ದಾಟ್ಬೇಕು, ಅದೊಂದು ಹೇಳಿಬಿಡಿ” ಎಂದರು. ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ಉತ್ತರ ಬಂತು. ಆ ಉತ್ತರದ ಮೇಲೆ ಯಾವ ದನ ದಾಟೀತು? ನನಗೆ ಮೈಯೆಲ್ಲ ಉರಿಯಿತು.

ನನ್ನ ಸರದಿ ಬಂತು. ನಡುವಯಸ್ಸಿನ ಅಧಿಕಾರಿ, ಪಾಪ, ಬೆಳಗಿನಿಂದ ಬೈಸಿಕೊಂಡು ಬಾಡಿಹೋಗಿದ್ದರು. ‘ಉಲ್ಲೇಖಿತ ಅಧಿಸೂಚನೆಯ ಅನುಬಂಧದಲ್ಲಿ ನಮೂದಿಸಲ್ಪಟ್ಟಿರುವ ಸದರಿ ಸ್ವತ್ತಿನ ಸ್ವರೂಪಕ್ಕೆ ಸಂಬಂಧಿಸಿದಂತೆ...’ ಎಂದು ನಾನು ಒಂದು ಪುಟ ಓದುವಷ್ಟರಲ್ಲಿ ಅವರು ಕೈ ಎತ್ತಿದರು.

“ಮೇಡಂ, ದಯವಿಟ್ಟು ತಪ್ಪು ತಿಳೀಬೇಡಿ. ನನಗೆ ಅರ್ಥ ಆಗ್ತಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?”

ಸಭೆಯೆಲ್ಲ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇಷ್ಟು ವರ್ಷ ಯಾರನ್ನು ಬೈದುಕೊಂಡು ಬಂದೆನೋ ಅವರ ಹಾಗೇ ಬರೆದು ತಂದಿದ್ದೆ. ನಾಲ್ಕು ಪುಟವನ್ನೂ ಮಡಿಸಿ ಚೀಲಕ್ಕೆ ತುರುಕಿದೆ.

“ಸಾರ್, ನಿಮ್ಮ ಪಟ್ಟೀಲಿ ಖಾಲಿ ಅಂತ ಬರೆದಿರೋದು ಖಾಲಿ ಅಲ್ಲ. ಹುಳದ ಮನೆ. ಯಾರಾದ್ರೂ ಕೇಳಿದ್ರೆ ಹುಳ ಇಲ್ಲ ಅನ್ನೋದು ನಮ್ಮ ಕಡೆ ಪದ್ಧತಿ. ದೃಷ್ಟಿ ಆಗುತ್ತೆ ಅಂತ.”

“ಅಂದ್ರೆ ಅವರೇ ಸುಳ್ಳು ಹೇಳಿದ್ರು ಅಂತೀರಾ?”

“ಹೌದು ಸಾರ್. ನೀವು ಚಿಕ್ಕೋರಿದ್ದಾಗ ಹೊಸಬರು ಬಂದು ಮಗು ಚೆನ್ನಾಗಿ ತಿನ್ನುತ್ತಾ ಅಂತ ಕೇಳಿದ್ರೆ ನಿಮ್ಮ ತಾಯಿ ಏನಂತಿದ್ರು?”

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. “ಎಲ್ಲಿ, ಒಂದು ತುತ್ತೂ ಮುಟ್ಟಲ್ಲ ಅಂತಿದ್ರು. ನಾನು ಗುಂಡುಗುಂಡಗಿದ್ದೆ.” ಮತ್ತೆ ಪೆನ್ನು ಎತ್ತಿಕೊಂಡರು. “ಆದ್ರೆ ಮೇಡಂ, ಅವರ ಮಾತೇ ದಾಖಲೆಯಲ್ಲಿದೆ. ನಾನೇ ಬಂದು ನೋಡ್ತೀನಿ. ಇದೆ ಅಂತ ಸಾಬೀತಾಗ್ಬೇಕು.”

ಮುಂದಿನ ಬೆಳೆಯ ಹುಳ ಜೋರಾಗಿ ಮೇಯುತ್ತಿದ್ದಾಗ ಅವರು ಬಂದರು. ನಾನೂ ಹೋಗಿದ್ದೆ. ನರಸಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಅಧಿಕಾರಿ ಪುಸ್ತಕ ತೆರೆದು ಕೇಳಿದರು.

“ಒಳಗೆ ಹುಳ ಇದೆಯೇನಮ್ಮ?”

ನರಸಮ್ಮ ಬಾಯಿ ತೆರೆದಳು, ಮುಚ್ಚಿದಳು. ನೆಲ ನೋಡಿದಳು, ನನ್ನನ್ನು ನೋಡಿದಳು. ‘ಇದೆ’ ಎಂಬ ಎರಡಕ್ಷರ ಅವಳ ನಾಲಗೆಯ ಮೇಲೆ ಹೊರಳಲೊಲ್ಲದು. ಹೇಳೇ ತಾಯಿ, ಬದಲಿ ಮನೆ ಸಿಗಬೇಕಾದರೆ ಹೇಳೇ ಎಂದು ನನ್ನೊಳಗೆ ಕುದಿಯುತ್ತಿತ್ತು. ಇನ್ನೇನು ಹಳೆಯ ಮಾತೇ ಬಾಯಿಂದ ಬೀಳುತ್ತದೆ ಎಂದುಕೊಂಡೆ. ಅವಳು ತಟಕ್ಕನೆ ಪಕ್ಕಕ್ಕೆ ಸರಿದಳು.

“ಕಾಲು ತೊಳ್ಕೊಂಡು ಬನ್ನಿ ಸ್ವಾಮಿ. ನೀವೇ ನೋಡ್ಕೊಳಿ.”

ಅವಳ ನೆಂಟರೇ ದಾಟದ ಹೊಸಿಲು ಅದು. ನನ್ನ ಕಣ್ಣು ತುಂಬಿಬಂತು. ಅಧಿಕಾರಿ ಬೂಟು ಕಳಚಿ, ಪ್ಯಾಂಟು ಮಡಿಸಿ, ಬಾಗಿಲ ಬಳಿಯ ಸುಣ್ಣದ ನೀರಿನಲ್ಲಿ ಕಾಲದ್ದಿ ಒಳಗೆ ಹೋದರು. ಸೊಪ್ಪು ಮೇಯುವ ಸದ್ದು ಹೊರಗಿದ್ದ ನನಗೂ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಈಚೆ ಬಂದರು. ಮುಖ ಅರಳಿತ್ತು. ಎಂಥ ಬೆಳೆ ಎಂದು ಹೊಗಳಿಬಿಡುತ್ತಾರೇನೋ ಎಂದು ನರಸಮ್ಮ ಸೆರಗು ಹಿಂಡುತ್ತಿದ್ದಳು.

ಅಧಿಕಾರಿ ನನ್ನ ಕಡೆ ಒಮ್ಮೆ ನೋಡಿ, ಮುಖ ಸಿಂಡರಿಸಿಕೊಂಡು, “ಏನೋ... ಇದಾವೆ ಬಿಡಿ” ಎನ್ನುತ್ತ ಪುಸ್ತಕದಲ್ಲಿ ಬರೆದುಕೊಂಡರು. ನರಸಮ್ಮನ ಉಸಿರು ಕೆಳಗಿಳಿಯಿತು.

ಹೋದ ವಾರ ತಿದ್ದಿದ ನೋಟೀಸು ಬಂತು, ಜೊತೆಗೆ ಏಳು ಪುಟದ ಸರಳ ವಿವರಣೆ. ನಾನು ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನರಸಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಹಿಂಬದಿಗೆ ತಿರುಗಿಸಿದಳು, ಬೆರಳಿಟ್ಟು ತನ್ನ ಹೆಸರು ಹುಡುಕಿದಳು. ‘ಹುಳು ಸಾಕಣೆ ಮನೆ, ಬಳಕೆಯಲ್ಲಿದೆ’ ಎಂದು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು. ಆ ಹಾಳೆಯೊಂದನ್ನು ಪಿನ್ನಿನಿಂದ ಬಿಡಿಸಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಉಳಿದದ್ದನ್ನೆಲ್ಲ ನನಗೆ ಕೊಟ್ಟಳು.

“ಮುಂದ್ಗಡೇದು ನೀವೇ ಓದ್ಕೊಳಿ ಪೋಸ್ಟಮ್ಮ, ನಿಮಗೆ ಆಸೆ. ನಾನು ಬರ್ತೀನಿ, ಸೊಪ್ಪು ಹಾಕ್ಬೇಕು.”

“ಹುಳ ಹೇಗಿದಾವೆ?” ಎಂದೆ.

ಗೇಟಿನ ಹತ್ತಿರ ನಿಂತು ತಿರುಗಿದಳು. “ಎಲ್ಲಿ ಹುಳ? ಒಳಗೇನೂ ಇಲ್ಲ” ಎಂದು ನಗುತ್ತ ಹೋದಳು.