ಬರಿಸಿದ ಅಲೆಯನ್ನು ಕೆಡಿಸಿಡುವ ಅಲೆಯಕ್ಕ

ಬೆಳಕು ಇನ್ನೂ ಕಿಟಕಿಯ ಕೆಳಗಿನ ಗಾಜಿಗೆ ಇಳಿದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಬ್ಬರೇ ಹೆಂಗಸು ಬೆಂಚಿನಿಂದ ಬೆಂಚಿಗೆ ಹೋಗುತ್ತ ಫಂಕ್ಷನ್ ಜನರೇಟರುಗಳ ಸ್ವಿಚ್ ಒತ್ತುತ್ತಿದ್ದಾರೆ. ಬಗೆಬಗೆಯ ವಿದ್ಯುತ್ ಅಲೆಗಳನ್ನು ಹೊರಡಿಸುವ ಈ ಪೆಟ್ಟಿಗೆಗಳು ಹಳೆಯವು. ಮೈ ಬೆಚ್ಚಗಾಗುವ ತನಕ ಅಲೆ ಒಂದೇ ಹದಕ್ಕೆ ಬರುವುದಿಲ್ಲ. "ಎದ್ದ ಕೂಡಲೇ ಮಾತಾಡಿಸಿದ್ರೆ ಇವಕ್ಕೂ ಆಗಲ್ಲ, ನಮ್ಮತ್ತೆ ಥರಾನೇ," ಎನ್ನುತ್ತ, ತಮ್ಮ ಬಗ್ಗೆ ಬರೆಯಲು ಬಂದ ನನಗೊಂದು ಸ್ಟೂಲು ಎಳೆದು ಕೊಡುತ್ತಾರೆ. ಹುದ್ದೆಯಲ್ಲಿ ಲ್ಯಾಬ್ ಸಹಾಯಕಿ. ವಿದ್ಯಾರ್ಥಿಗಳ ಬಾಯಲ್ಲಿ ಅಲೆಯಕ್ಕ.

ಒಂದು ಪೆಟ್ಟಿಗೆಯಿಂದ ಸರಸರನೆ ಏರಿಳಿಯುವ ಅಲೆ, ಇನ್ನೊಂದರಿಂದ ನಿಧಾನದ ಅಲೆ. ನಿಧಾನದ್ದನ್ನು ವೈರಿನಲ್ಲಿ ಮೊದಲನೆಯ ಪೆಟ್ಟಿಗೆಯ ಬೆನ್ನಿಗೆ ಕೊಟ್ಟರೆ, ಅದು ವೇಗದ ಅಲೆಯ ಎತ್ತರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇದೇ ಎ.ಎಂ. ಸಿಗ್ನಲ್, ರೇಡಿಯೋದ ಮಾತು ಹೀಗೆ ವೇಗದ ಅಲೆಯ ಹೆಗಲೇರಿಯೇ ದೂರ ಹೋಗುತ್ತದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಉಬ್ಬಿ, ಸೊಂಟ ಸಣ್ಣಗಾಗಿ, ಮತ್ತೆ ಉಬ್ಬುವ ಹಸಿರು ಚಿತ್ರ ಮೂಡುತ್ತದೆ. ಅಲೆಯಕ್ಕ ಅದನ್ನೊಂದು ಗಳಿಗೆ ನೋಡುತ್ತಾರೆ. ಆಮೇಲೆ ನಾಬುಗಳನ್ನೆಲ್ಲ ಅತ್ತಿತ್ತ ತಿರುಗಿಸಿ, ವೈರು ಕಿತ್ತು, ಪೂರ್ತಿ ಕೆಡಿಸಿಬಿಡುತ್ತಾರೆ.

"ಪೆಟ್ಟಿಗೆ ಸರಿ ಇದೆಯಾ ಅಂತ ನೋಡೋದು ನನ್ನ ಕೆಲಸ. ಅಲೆ ಬರಿಸೋದು ಮಕ್ಕಳ ಕೆಲಸ. ನಾನೇ ಸೆಟ್ ಮಾಡಿಟ್ರೆ ಅವು ಬಂದು ಕೈಕಟ್ಕೊಂಡು ಅದರ ಮುಖ ನೋಡ್ಬೇಕಾ?"

ಈ ಕೆಡಿಸಿಡುವ ಅಭ್ಯಾಸವೇ ಈಗ ಅವರನ್ನು ಈ ಕೋಣೆಯಿಂದ ಹೊರಹಾಕುವ ಹಂತಕ್ಕೆ ಬಂದಿದೆ.

ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟ ಅಲೆಯಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಪರದೆಯೆದುರು ಮೈಮರೆತು ನಿಂತಿದ್ದ ಇವರನ್ನು ಆಗಿನ ಮೇಷ್ಟ್ರು ಒಮ್ಮೆ ಹಿಡಿದರು. "ಬೈತಾರೆ ಅಂತ ಪೊರಕೆ ಬೆನ್ನ ಹಿಂದೆ ಇಟ್ಕೊಂಡೆ. ಅವರು ಎಲ್ಲಾ ತಿರುಗಿಸಿ ಕೆಡಿಸಿ, 'ಈಗ ತರಿಸು ನೋಡೋಣ' ಅಂದ್ರು. ಆ ವಾರ ಪೂರ್ತಿ ಅಲೆ ಪರದೆ ಮೇಲೆ ನಿಲ್ದೇ ಓಡ್ತಾನೇ ಇತ್ತು. ಪೆಟ್ಟಿಗೆ ಕೆಟ್ಟಿದೆ ಅಂತ ಅವರ ಹತ್ರಾನೇ ಜಗಳ ತೆಗ್ದೆ!"

ಪೆಟ್ಟಿಗೆ ಕೆಟ್ಟಿರಲಿಲ್ಲ. ಪರದೆ ಯಾವ ಅಲೆಯ ತಾಳಕ್ಕೆ ಚಿತ್ರ ಬರೆಯಬೇಕೆಂದು ಹೇಳುವ ಟ್ರಿಗರ್ ನಿಧಾನದ ಅಲೆಯ ಕಡೆಗಿರಬೇಕು. ವೇಗದ್ದರ ಕಡೆಗಿದ್ದರೆ ಚಿತ್ರ ನಿಲ್ಲದು. ಇಂದಿಗೂ ವಿದ್ಯಾರ್ಥಿಗಳೆಲ್ಲ ಎಡವುವುದು ಅಲ್ಲೇ. ದಿನವೂ ಯಾವುದಾದರೊಂದು ಬೆಂಚಿನಿಂದ ಕೂಗು ಬರುತ್ತದೆ.

"ಅಕ್ಕಾ, ಮಿಷನ್ ಹೋಯ್ತು!"

"ಹೋಗಿರೋದು ಮಿಷನ್ ಅಲ್ಲ ಕಣೋ, ನಿನ್ನ ಗಮನ."

ಕೂತಲ್ಲಿಂದಲೇ ಹೇಳುತ್ತಾರೆ. ಎದ್ದು ಹೋಗುವುದಿಲ್ಲ.

ಕಳೆದ ತಿಂಗಳು ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ಎಲ್ಲ ಪರದೆಗಳಲ್ಲೂ ಅಲೆ ನಿಂತಿರಬೇಕು, ಯಾರೂ ತಿರುಗಿಸದಂತೆ ನಾಬುಗಳಿಗೆ ಟೇಪು ಹಚ್ಚಿರಬೇಕು ಎಂದು ವಿಭಾಗದ ಮುಖ್ಯಸ್ಥರು ಅಪ್ಪಣೆ ಮಾಡಿದರು. ಅಲೆಯಕ್ಕ ಆಗಲ್ಲ ಎಂದರು. ಮುಖ್ಯಸ್ಥರು ಬೇರೆಯವರಿಂದ ಮಾಡಿಸಿದರು. ಮರುದಿನ ಬೆಳಿಗ್ಗೆ ತಂಡ ಬರುವ ಮೊದಲೇ ಅಲೆಯಕ್ಕ ಬಂದು ಟೇಪೆಲ್ಲ ಕಿತ್ತು, ಎಂದಿನಂತೆ ಕೆಡಿಸಿಟ್ಟರು.

ತಂಡ ಬಂದಾಗ ಮಕ್ಕಳು ನಾಬು ತಿರುಗಿಸುತ್ತಲೇ ಇದ್ದರು, ಅರ್ಧದಷ್ಟು ಪರದೆಗಳಲ್ಲಿ ಅಲೆ ಇನ್ನೂ ಓಡುತ್ತಿತ್ತು. ಒಬ್ಬ ಹುಡುಗಿಯ ಬೆಂಚಿನಲ್ಲಿ ನಿಧಾನದ ಅಲೆಯ ಬಲ ಅತಿಯಾಗಿ ಚಿತ್ರದ ನಡುವೇ ಒಡೆದಿತ್ತು.

"ಇದೇನಮ್ಮಾ?" ಎಂದರು ತಂಡದ ಹಿರಿಯರು.

"ಸೊಂಟ ಮುರ್ಕೊಂಡಿದೆ ಸಾರ್. ಒಂದ್ನಿಮಿಷ, ಸರಿ ಮಾಡ್ತೀನಿ."

ಅವರು ನಗಲಿಲ್ಲ, ಕಾಯಲೂ ಇಲ್ಲ. ಹುಡುಗಿ ಸರಿ ಮಾಡುವಷ್ಟರಲ್ಲಿ ತಂಡ ಬಾಗಿಲು ದಾಟಿತ್ತು.

"ಕೆಟ್ಟ ಹೆಸರು ಬಂದು ಲ್ಯಾಬೇ ಮುಚ್ಚಿದ್ರೆ ಯಾರಿಗಮ್ಮಾ ಕಲಿಸ್ತೀರಾ?" ಎಂದು ಕೇಳಿದರಂತೆ ಮುಖ್ಯಸ್ಥರು. "ಆ ಭಯ ನಂಗಿಲ್ವಾ?" ಎನ್ನುತ್ತಾರೆ ಅಲೆಯಕ್ಕ. "ಆದ್ರೆ ಮಕ್ಕಳ ಕೈ ಕಟ್ಟಿ ಉಳಿಸ್ಕೊಂಡ ಲ್ಯಾಬು ಯಾರಿಗೆ ಬೇಕು?"

ಮುಖ್ಯಸ್ಥರು ಎರಡು ದಾರಿ ಇಟ್ಟಿದ್ದಾರೆ. ಎಲ್ಲರೆದುರು ಕ್ಷಮೆ ಕೇಳಿ ಇನ್ನು ಮುಂದೆ ಸೆಟ್ ಮಾಡಿಡಬೇಕು. ಇಲ್ಲವೇ ಮುಂದಿನ ವಾರದಿಂದ ಆಫೀಸಿನಲ್ಲಿ ಕಾಗದ ಜೋಡಿಸುತ್ತ ಕೂರಬೇಕು. ಮನೆಯಲ್ಲಿ ಅತ್ತೆಯದು ಒಂದೇ ಮಾತು: "ಕ್ಷಮೆ ಕೇಳಿದ್ರೆ ನಾಲಿಗೆ ಸವೆಯುತ್ತೇನೇ?" ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಗಂಡ ಅಂದರಂತೆ, "ಕೇಳ್ಸೋದು ಬೇಡಮ್ಮಾ. ಇವಳು ಕ್ಷಮೆ ಕೇಳಿದ್ರೆ ಬೈದ ಹಾಗಿರುತ್ತೆ."

ಹೊರಗೆ ಇಂದಿನ ಮೊದಲ ಕ್ಲಾಸಿನ ವಿದ್ಯಾರ್ಥಿಗಳ ಚಪ್ಪಲಿ ಸದ್ದು. ಏನು ಹೇಳಬೇಕೆಂದಿದ್ದೀರಿ ಎಂದು ಕೇಳುತ್ತೇನೆ. ಅಲೆಯಕ್ಕ ಸೆರಗಿನಿಂದ ಪರದೆಯ ಧೂಳು ಒರೆಸುತ್ತಾರೆ.

"ಕ್ಷಮೆ ಕೇಳಲ್ಲ. ಆಫೀಸಿಗೆ ಹಾಕ್ತಾರಾ, ಹಾಕ್ಲಿ. ಊಟದ ಬಿಡುವು ನಂದು ತಾನೇ? ಕಲೀಬೇಕು ಅನ್ನೋ ಒಂದೇ ಒಂದು ಮಗು ಇದ್ರೂ ಆ ಹೊತ್ತಿಗೆ ಇಲ್ಲಿಗೆ ಬರ್ತೀನಿ. ಬೇಡ ಅನ್ನೋರು ನನ್ನೆದುರಿಗೆ ಬಂದು ಅನ್ಲಿ."