ಕುದಿಸಿದ ಕಲ್ಲಿನಲ್ಲಿ ಬೆಳೆದದ್ದು

ದೆವ್ವ, ಗಾಳಿ, ಸೋಂಕು ಎಂದರೆ ನಗುತ್ತಿದ್ದವಳು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ "ಆಯ್ತು ಮಾರಾಯ್ರೇ, ಮೊದಲು ಚಹಾ ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾವು ಉಡುಪಿ ಕಡೆಯವರು. ನನ್ನ ಗಂಡನಿಗೆ ಠಾಣೆ ಶಹರದ ಮಾಜಿವಾಡಾದಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು. ಮನೆ ಘೋಡಬಂದರ್ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಅತ್ತೆ ಊರಿನಲ್ಲಿ ತೀರಿಕೊಂಡಾಗ ಇವರ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಡಲಿನಲ್ಲಿ ಅಸ್ಥಿ ಬಿಟ್ಟ ಮೇಲೆ ತಿರುಗಿ ನೋಡದೆ ಬರಬೇಕು. ಈ ಮಹಾನುಭಾವರು ತಿರುಗಿ ನೋಡಿದ್ದಲ್ಲದೆ, ಅಲ್ಲಿಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನೂ ಚೀಲದಲ್ಲಿ ಹಾಕಿಕೊಂಡು ಠಾಣೆಗೆ ತಂದರು.

ನನಗೆ ಮೈಯೆಲ್ಲ ಉರಿಯಿತು. ದೆವ್ವ ನಂಬದಿದ್ದರೂ ಮಡಿ-ಸೂತಕ ಬಿಡುವವಳಲ್ಲ ನಾನು. ಸೂತಕದ ಕಲ್ಲು ಹಾಗೇ ಒಳಗೆ ಬರಕೂಡದೆಂದು ಹಳೆಯ ಸ್ಟೀಲ್ ಬಕೆಟ್ಟಿನಲ್ಲಿ ಹಾಕಿ ಗ್ಯಾಸಿನ ಮೇಲೆ ಕೊತಕೊತ ಕುದಿಸಿದೆ. ಆಮೇಲೆ ಬೇಸಿಗೆಯಿಡೀ ಅದು ಬಾಲ್ಕನಿಯ ಬಿಸಿಲಿನಲ್ಲಿ ಒಣಗಿ ಬೆಳ್ಳಗಾಯಿತು.

ಮಳೆಗಾಲದಲ್ಲಿ ಇವರು ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟರು. ಅಂಗಡಿಯಿಂದ ತಂದ ಉಪ್ಪು, ಎರಡು ಕಿತ್ತಳೆ ಬಣ್ಣದ ಮೀನು, ನಡುವೆ ಆ ಕಲ್ಲು. ಸ್ವಲ್ಪ ದಿನದಲ್ಲೇ ಕಲ್ಲಿನ ಮೇಲೆ ನಾವು ತಂದು ಬಿಡದ ಜೀವಗಳು ಕಾಣಿಸಿಕೊಂಡವು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಫೋಟೋ ಹೊಡೆದು ಒಂದೊಂದರ ಹೆಸರು ಹುಡುಕುತ್ತಿದ್ದಳು: "ಮಮ್ಮಾ, ಯೇ ಫೆದರ್ ಡಸ್ಟರ್ ಹೈ, ಔರ್ ಯೇ ಛೋಟಾ ಸ್ಟಾರ್ ಫಿಶ್." ಗರಿಯ ಕುಚ್ಚಿನಂಥದ್ದೊಂದು ಹುಳು, ಪುಟ್ಟ ನಕ್ಷತ್ರಮೀನೊಂದು. ಕಲ್ಲಿನ ತೂತಿನಿಂದ ಹೊರಬರುತ್ತಿದ್ದ ಬೂದಿ ಬಣ್ಣದ ಒಂದಕ್ಕೆ ಮಾತ್ರ ಹೆಸರು ಸಿಗಲಿಲ್ಲ. ಮೊದಲು ದಾರದಷ್ಟಿತ್ತು, ನೋಡನೋಡುತ್ತ ಮೊಳದುದ್ದವಾಯಿತು. ಮೀನುಗಳು ಕಾಣೆಯಾದವು.

ಘಣಸೋಲಿಯ ಅಕ್ವೇರಿಯಂ ಅಂಗಡಿಯವನಿಗೆ ಫೋಟೋ ತೋರಿಸಿದೆ. ಅದೊಂದು ಜಾತಿಯ ಕಡಲಹುಳು, ಕಲ್ಲಿನೊಳಗೇ ಬಂದಿರಬೇಕು, ಕಚ್ಚಿದರೆ ಬೆರಳೇ ಹೋದೀತು ಎಂದ. ಕಲ್ಲನ್ನು ಕುದಿಸಿ ಒಣಗಿಸಿದ್ದೆನಲ್ಲ ಎಂದೆ. ಅವನು ನಕ್ಕ. "ಭಾಭೀ, ಉಬಾಲೇ ಹುಏ ಪತ್ಥರ್ ಸೇ ಕುಛ್ ನಹೀಂ ನಿಕಲ್ತಾ." ಕುದಿಸಿದ ಕಲ್ಲಿನಿಂದ ಏನೂ ಹೊರಬರುವುದಿಲ್ಲವಂತೆ. ಆಮೇಲೆ ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದ. ನಗು ನಿಂತಿತು. ಮೊಬೈಲು ವಾಪಸು ಕೊಟ್ಟು ಬೇರೆ ಗಿರಾಕಿಯ ಕಡೆ ತಿರುಗಿದ.

ಹುಳುವಿಗಿಂತ ಇವರನ್ನು ನೋಡಿಯೇ ನನಗೆ ಹೆದರಿಕೆ. ಹೋಟೆಲಿನಿಂದ ಬಂದವರೇ ಅದರೆದುರು ಕೂತು, ಕೈಯನ್ನು ಮೊಣಕೈವರೆಗೆ ನೀರಿಗಿಳಿಸುತ್ತಿದ್ದರು. ಅದು ಬಂದು ಬೆರಳುಗಳ ನಡುವೆ ಸುತ್ತಿಕೊಳ್ಳುತ್ತಿತ್ತು. ನಾನು ಹತ್ತಿರ ಹೋದರೆ ಸರಕ್ಕನೆ ಒಳಗೆ. "ಕೈ ತೆಗೀರಿ, ನಿಮ್ಮ ದಮ್ಮಯ್ಯ" ಎಂದರೆ, "ಸುಮ್ನಿರು ಮಾರಾಯ್ತಿ, ಅದು ನಂಗೆ ಎಂತ ಮಾಡೂದಿಲ್ಲ" ಎನ್ನುವರು. ಮಗಳು ಊಟಕ್ಕೆ ಕರೆದರೂ ತಿರುಗುತ್ತಿರಲಿಲ್ಲ. ಎದುರಿಗೇ ಕೂತಿರುವ ಗಂಡ ಕೈತಪ್ಪಿ ಹೋಗುತ್ತಿದ್ದಾರೆ ಅನಿಸಿ ನನಗೆ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ, ಇವರು ಹೋಟೆಲಿನಲ್ಲಿದ್ದಾಗ, ಗ್ಲೌಸ್ ಹಾಕಿಕೊಂಡು ಕಲ್ಲನ್ನು ಬಾಲ್ಕನಿಗೆ ಒಯ್ದು ಸುತ್ತಿಗೆಯಿಂದ ಒಡೆದೆ. ತೂತು ಉಗುರಿನಷ್ಟೇ ಆಳವಿತ್ತು. ಒಳಗೆಲ್ಲ ಗಟ್ಟಿ, ಒಂದು ಹನಿ ನೀರಿಲ್ಲ. ಮತ್ತೆ ಆ ಮೊಳದುದ್ದದ ಜೀವ ಅಡಗುತ್ತಿದ್ದದ್ದೆಲ್ಲಿ? ಅಕ್ವೇರಿಯಂನ ನೀರನ್ನೆಲ್ಲ ಸೋಸಿ ಚೆಲ್ಲಿದೆ. ಏನೂ ಸಿಗಲಿಲ್ಲ. ಚೂರುಗಳನ್ನು ಖಾಡಿಯ ಹಿನ್ನೀರಿಗೆ ಎಸೆದು ಬಂದು, ತೊಟ್ಟಿ ಬರಿದಾಗಿ ಕಂಡರೆ ರಂಪ ಮಾಡಿಯಾರೆಂದು ನಲ್ಲಿನೀರು ತುಂಬಿಸಿಟ್ಟೆ.

ಸಂಜೆ ಬಂದವರು ಕಲ್ಲೆಲ್ಲಿ ಎಂದು ಕೇಳಲೇ ಇಲ್ಲ. ಅಂಗಿಯ ತೋಳು ಮಡಚಿ, ಯಾವತ್ತಿನಂತೆ ಕೈ ಇಳಿಸಿದರು. ಬೆರಳುಗಳು ನಿಧಾನ ಅಗಲವಾದವು, ನಡುವೆ ಏನೋ ಸುತ್ತಿಕೊಂಡ ಹಾಗೆ. ನೀರು ತಿಳಿಯಾಗಿತ್ತು, ಹಿಂದಿನ ಗೋಡೆ ಕೂಡ ಕಾಣುತ್ತಿತ್ತು. ಇವರು ಚಿಕ್ಕ ಮಗುವಿನ ದನಿಯಲ್ಲಿ, "ಬಿಡಮ್ಮ, ನೋಯ್ತದೆ" ಎಂದರು. ತೋರುಬೆರಳಿನಿಂದ ರಕ್ತ ನೀರಿನಲ್ಲಿ ಹರಡತೊಡಗಿತು.

ಅಯ್ಯೋ ದೇವರೇ ಎಂದು ಕಿರುಚಿ ಕೈ ಹಿಡಿದೆಳೆದೆ. ಬರಲಿಲ್ಲ. ನಾನು ಎಳೆದಷ್ಟೇ ಬಲವಾಗಿ ಆಚೆಯಿಂದಲೂ ಎಳೆತ. ಮಗಳೂ ಓಡಿ ಬಂದು ಇವರ ಸೊಂಟ ಹಿಡಿದೆಳೆದಳು, ಆಗ ಬಿಟ್ಟಿತು.

ಆ ಬೆರಳಿಗೆ ಈಗ ತುದಿಯಿಲ್ಲ. ಗಾಜು ತಾಗಿತು ಎಂದು ಡಾಕ್ಟರರಿಗೆ ಇವರೇ ಹೇಳಿದರು. ಅಕ್ವೇರಿಯಂ ಕೊಟ್ಟುಬಿಟ್ಟೆವು. ಇವರು ಈಗ ಸರಿಯಾಗಿದ್ದಾರೆ, ಮಗಳೊಂದಿಗೆ ತಮಾಷೆ ಮಾಡುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಆ ಸಂಜೆ ಇವರನ್ನು ನಾನು ಯಾರ ಕೈಯಿಂದ ಬಿಡಿಸಿಕೊಂಡೆ ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದರೆ ಇವರು ಹೇಳಿಯಾರು. ಅದಕ್ಕೇ ಕೇಳಿಲ್ಲ.